ಅಕ್ಕನ ರಿಪೋರ್ಟು, ನನ್ನ ಮೀಟಿಂಗು

ಇವತ್ತು ಬೆಳಿಗ್ಗೆ ರಿಪೋರ್ಟು ತೋರಿಸಲು ಅಕ್ಕನನ್ನು ವೈಟ್‌ಫೀಲ್ಡಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನಮ್ಮ ಕುಂದಲಹಳ್ಳಿ ಅಪಾರ್ಟ್‌ಮೆಂಟಿನಲ್ಲಿ ರೋಗಕ್ಕೆ ಅವಳಷ್ಟು ಹೆದರುವವರು ಇನ್ನೊಬ್ಬರಿಲ್ಲ. ಫಿಲ್ಟರ್ ನೀರನ್ನೂ ಕುದಿಸಿಯೇ ಕುಡಿಯುತ್ತಾಳೆ. ಲಿಫ್ಟಿನ ಬಟನ್ನನ್ನು ಮೊಣಕೈಯಿಂದ ಒತ್ತುತ್ತಾಳೆ. ಯಾರ ಮನೆಯ ಹೂಕುಂಡದಲ್ಲಿ ನೀರು ನಿಂತರೂ ಜಗಳವಾಡಿ ಚೆಲ್ಲಿಸಿಯೇ ಬರುತ್ತಾಳೆ.

ಅವಳ ಎದೆಯಲ್ಲಿ ಗಂಟಿರುವುದು ನನಗೆ ಗೊತ್ತಾಗಿದ್ದು ಹೋದ ವಾರ, ಅದೂ ನೋವು ತಡೆಯಲಾರದೆ ಅವಳೇ ಬಾಯಿಬಿಟ್ಟಾಗ.

ರಿಪೋರ್ಟು ನೋಡಿದ ಡಾಕ್ಟರಮ್ಮ, "ಇದು ತುಂಬಾ ಮುಂದುವರಿದಿದೆ. ಗಂಟು ಯಾವಾಗ ಕಾಣಿಸ್ತು?" ಎಂದು ಕೇಳಿದರು.

"ಹೋದ ವರ್ಷ ಯುಗಾದಿ ಹೊತ್ತಿಗೆ."

"ಆಗ್ಲೇ ಯಾಕಮ್ಮಾ ಬರ್ಲಿಲ್ಲ?"

ಅಕ್ಕ ದುಪಟ್ಟಾದ ತುದಿ ಹಿಂಡುತ್ತಾ, "ಕ್ಯಾನ್ಸರ್ ಅಂತ ಹೇಳ್ಬಿಡ್ತೀರೇನೋ ಅಂತ ಭಯ ಆಗ್ತಿತ್ತು ಮೇಡಂ" ಎಂದಳು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈದು ಇನ್ನು ಪ್ರಯೋಜನವಿಲ್ಲ ಎಂದು ಸುಮ್ಮನಾದರೇನೋ ಅನ್ನಿಸಿತು.

ಆಮೇಲೆ ಅವರು ನನ್ನ ಕಡೆ ತಿರುಗಿದರು. "ನೀವು ಇವ್ರ ಸ್ವಂತ ತಂಗಿ ಅಲ್ವಾ? ನೀವೂ ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳಿ. ಕೆಳಗಡೆ ಕ್ಯೂ ಇಲ್ಲ, ಈಗ್ಲೇ ಆಗುತ್ತೆ."

ಯಾವುದಕ್ಕೂ ಹೆದರದವಳು ಎಂದು ಮನೆಯಲ್ಲೆಲ್ಲ ಹೆಸರಾದ ನಾನು, "ಆಫೀಸಲ್ಲಿ ಮೀಟಿಂಗ್ ಇದೆ ಮೇಡಂ, ಮುಂದಿನ ವಾರ ಬರ್ತೀನಿ" ಎಂದೆ.

ಅಕ್ಕ ನನ್ನ ಮುಖ ನೋಡಿದಳು.

ಸ್ನೇಹಿತರೇ, ನಾನು ಇವತ್ತು ಇಡೀ ದಿನ ರಜೆ ಹಾಕಿದ್ದೆ.