ಬಾರದ ನೀರಿಗೆ ಬಿದ್ದ ಸಹಿ

ತಿಕೋಂಡಿಯ ನಮ್ಮ ಮನೆಯ ಮುಂದಿನಿಂದ ಗಾಡಿ ಬಿಟ್ಟಾಗ ಸೋಮವಾರ ಬೆಳಗಿನ ಆರು ಗಂಟೆ. ಹಿಂದೆ ನೀರಿನ ಟಾಕಿ ಖಾಲಿ, ಡೀಸೆಲ್ ಅರ್ಧ, ಪಕ್ಕದ ಸೀಟಿನ ಮೇಲೆ ಲಾಗ್‌ಬುಕ್ಕು. ಹೆಂಡತಿ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಳು. ಮಧ್ಯಾಹ್ನ ಎರಡಕ್ಕೆ ತಾಲೂಕಿನ ಊರು ಜತ್ತದಲ್ಲಿ ನೀರಿನ ಗಾಡಿಗಳ ಸರಕಾರಿ ತಪಾಸಣೆ. ಊರೂರು ಸುತ್ತಿಕೊಂಡು ಹೋದರೆ ನಲವತ್ತು ಕಿಲೋಮೀಟರಿಗೂ ಮೇಲಾಗುತ್ತದೆ. ಅಷ್ಟರೊಳಗೆ ದಾರಿಯ ಮೂರು ವಸ್ತಿಗಳಲ್ಲಿ, ಅಂದರೆ ಊರ ಹೊರಗಿನ ಹೊಲಮನೆಗಳ ಗುಂಪುಗಳಲ್ಲಿ, ಮೂವರು ಹೆಣ್ಣುಮಕ್ಕಳನ್ನು ಕಂಡು, ಅವರು ಹಾಕಿದ ಸಹಿಗಳನ್ನು ಅವರ ಕೈಯಿಂದಲೇ ಹೊಡೆದುಹಾಕಿಸುವುದು ನನ್ನ ಕೆಲಸವಾಗಿತ್ತು.

ನನ್ನದು ಐದು ಸಾವಿರ ಲೀಟರಿನ ಟಾಕಿ ಕೂರಿಸಿದ ಸಣ್ಣ ಗಾಡಿ. ಬೇಸಿಗೆಯಲ್ಲಿ ವಸ್ತಿಗಳಿಗೆ ಸರಕಾರಿ ನೀರು ಹೊರಲು ಒಬ್ಬ ಗುತ್ತೇದಾರನ ಕೈಕೆಳಗೆ ಹಚ್ಚಿದ್ದೆ. ಈ ಕೆಲಸಕ್ಕೆ ಪಾಸಿಂಗ್, ವಿಮೆ, ಲೈಸೆನ್ಸ್ ಇದ್ದರೆ ಸಾಲದು. ಎಲ್ಲಿ ತುಂಬಿದೆ, ಎಲ್ಲಿ ಸುರಿದೆ, ಹೋಗುವಾಗ ಮೀಟರ್ ಎಷ್ಟು, ಬರುವಾಗ ಎಷ್ಟು ಎಂದು ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ಪ್ರತಿ ಖೇಪಿಗೂ, ಅಂದರೆ ಒಂದು ಸಲ ತುಂಬಿ ತಂದು ಸುರಿದದ್ದಕ್ಕೂ, ಆ ವಸ್ತಿಯ ಒಬ್ಬ ಹೆಣ್ಣುಮಗಳ ಸಹಿ ಮತ್ತು ಫೋನ್ ನಂಬರ್ ಬೇಕು. ನೀರು ಬಂತೋ ಇಲ್ಲವೋ ಎನ್ನುವುದು ಕೊಡ ಹಿಡಿದವರಿಗೇ ಗೊತ್ತು ಎಂದು ಈ ನಿಯಮ ಮಾಡಿದವರು ಯಾರೋ, ಬುದ್ಧಿವಂತರು. ಕೆಡಿಸಿದವರು ನಾವು. ಹೆಣ್ಣುಮಕ್ಕಳು ಏಳಕ್ಕೆಲ್ಲ ಕೂಲಿಗೆ ಹೋಗುತ್ತಾರೆ, ಗಾಡಿ ಹತ್ತರ ಮೇಲೆ ಬರುತ್ತದೆ. ಅದಕ್ಕೆ ಸೋಮವಾರ ನಸುಕಿನಲ್ಲೇ ಇಡೀ ವಾರದ ಸಹಿ ತೆಗೆದುಕೊಂಡುಬಿಡುವುದು ಡ್ರೈವರುಗಳ ರೂಢಿ. ನಾನೂ ಹಾಗೇ ಮಾಡಿದ್ದೆ.

ಹಿಂದಿನ ಸೋಮವಾರ ಸಹಿ ಬಿದ್ದವು, ಅಂದೇ ಸಂಜೆ ಗಾಡಿಯ ಕ್ಲಚ್ ಹೋಯಿತು. ಮಂಗಳವಾರದಿಂದ ರವಿವಾರದವರೆಗೆ ಆರು ದಿನ ಗಾಡಿ ವಿಜಯಪುರದ ಗ್ಯಾರೇಜಿನಲ್ಲಿ ನಿಂತಿತು. ಬೇರೆ ಗಾಡಿ ಕಳಿಸುತ್ತೇನೆಂದು ಗುತ್ತೇದಾರನ ಪರವಾಗಿ ಗಾಡಿಗಳ ಉಸ್ತುವಾರಿ ನೋಡುವ ಮುಕಾದಮ ಬುಕ್ಕು ಒಯ್ದ. ಗಾಡಿ ಕಳಿಸಲಿಲ್ಲ. ವಸ್ತಿಯವರು ಆರು ದಿನ ಹೊಲದ ಬಾವಿಗಳಿಗೆ ಕೊಡ ಹೊತ್ತು ಅಲೆದರು. ರವಿವಾರ ಸಂಜೆ ಬುಕ್ಕು ಮರಳಿ ಕೈಗೆ ಬಂದಾಗ ನೋಡುತ್ತೇನೆ, ಗ್ಯಾರೇಜಿನಲ್ಲಿ ಮಲಗಿದ್ದ ನನ್ನ ಗಾಡಿ ಆರೂ ದಿನ ಮೂರೂ ವಸ್ತಿಗೆ ತಪ್ಪದೆ ನೀರು ಕೊಟ್ಟಿದೆ! ಡ್ರೈವರನ ಹೆಸರು ದಸ್ತಗೀರ, ಅಂದರೆ ನಾನೇ. ಗಾಡಿಯ ಜಿಪಿಎಸ್ ಡಬ್ಬಿ ತಿಂಗಳಿಂದ ಸತ್ತಿತ್ತು, ಬುಕ್ಕು ಹೇಳಿದ್ದೇ ಖರೆ. ಮುಕಾದಮನಿಗೆ ಫೋನ್ ಮಾಡಿದೆ.

"ಎಲ್ಲಾರ ಬುಕ್ಕೂ ಹಿಂಗ ಇರತಾವ. ಸುಮ್ನ ತೋರ್ಸಿ ಬಾ," ಎಂದ. "ಇಲ್ಲಾಂದ್ರ ನಾಳಿಂದ ಗಾಡಿ ನಿಮ್ಮ ಮನಿ ಮುಂದ ನಿಲ್ಲಿಸ್ಕೊ."

ನನಗೆ ಮೈಯೆಲ್ಲ ಉರಿಯಿತು. ಗಾಡಿ ನನ್ನ ಅನ್ನ, ಒಪ್ಪುತ್ತೇನೆ. ಆದರೆ ಜನರ ಬಾಯಿಗೆ ಬೀಳದ ನೀರಿಗೆ ನನ್ನನ್ನು ಸಾಕ್ಷಿ ಮಾಡಲು ಇವನಾರು?

ಮೊದಲ ವಸ್ತಿ ನಮ್ಮೂರಿನದೇ, ಎರಡು ಕಿಲೋಮೀಟರ್ ಕಚ್ಚಾ ರಸ್ತೆ. ಯಲ್ಲವ್ವ ಕುರಿ ಬಿಟ್ಟುಕೊಂಡು ಹೊರಡುವುದರಲ್ಲಿದ್ದಳು. ಎಪ್ಪತ್ತರ ಆಸುಪಾಸಿನ ಹೆಂಗಸು. ಅವಳದು ಸಹಿಯಲ್ಲ, ಹೆಬ್ಬೆಟ್ಟು. ಗೀಟು ನಾನು ಎಳೆದು, ಪಕ್ಕಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿದರಾಯಿತು ಎಂದುಕೊಂಡಿದ್ದೆ. ವಿಷಯ ಕೇಳಿ ಅವಳು ಕೋಲನ್ನು ಕಂಕುಳಿಗೆ ಸೇರಿಸಿ ಕೈ ಚಾಚಿದಳು.

"ಹೆಬ್ಬೆಟ್ಟ ನಂದ, ಗೀಟೂ ನಂದ ಇರಲಿ. ಪೆನ್ನ ಕೊಡೊ ತಮ್ಮಾ."

ಸೀಟಿನ ಮೇಲೆ ಬುಕ್ಕಿಟ್ಟು, ಕಳೆ ತೆಗೆಯುವ ಕುರ್ಪಿ ಹಿಡಿದಂತೆ ಪೆನ್ನು ಹಿಡಿದು ಆರು ಗೀಟು ಎಳೆದಳು. ಮೂರನೆಯ ಗೀಟಿಗೆ ಕಾಗದ ಹರಿಯಿತು. ಸರಕಾರಿ ಪುಸ್ತಕ ಹರಿದುಹೋಯಿತಲ್ಲ ಎಂದು ಗಾಬರಿಯಾದಳು. ಹರಿದರೆ ಹರಿಯಲಿ ಎಂದೆ.

ಅಸಂಗಿಯ ವಸ್ತಿ ಮುಟ್ಟಿದಾಗ ಏಳಕ್ಕೆ ಐದು ನಿಮಿಷ ಇತ್ತು. ಏಪ್ರಿಲ್ ಬಿಸಿಲು ಅಷ್ಟು ಹೊತ್ತಿಗೇ ಗಾಜಿನಿಂದ ಒಳಗೆ ಬಂದಿತ್ತು. ಹಸೀನಾ ಬುತ್ತಿ ಕಟ್ಟಿಕೊಂಡು ಕೂಲಿಗೆ ಹೊರಟಿದ್ದಳು. ಗಂಡ ಗಾದಿ ಹೊಲಿಯುವವನು, ಊರೂರು ತಿರುಗುತ್ತಾನೆ. ನಾವಿಬ್ಬರೂ ಮಾತು ಶುರು ಮಾಡಿದ್ದು ದಖನಿಯಲ್ಲಿ, ದನಿ ಏರಿದ ಮೇಲೆ ಇಬ್ಬರೂ ಕನ್ನಡಕ್ಕೆ ಬಂದೆವು. ಹೋದ ಬೇಸಿಗೆಯಲ್ಲಿ ನೀರು ಕಡಿಮೆ ಬಂತೆಂದು ಈ ವಸ್ತಿಯವರು ತಕರಾರು ಮಾಡಿದ್ದಕ್ಕೆ ಮುಕಾದಮ ನಾಲ್ಕು ದಿನ ಗಾಡಿಯನ್ನೇ ಕಳಿಸಿರಲಿಲ್ಲ. ಅದನ್ನು ಅವಳು ಮರೆತಿರಲಿಲ್ಲ.

"ಭಾಯಿ, ನಿಮ್ಮ ಗಾಡಿ ತಗದ್ರ ನೀವು ಕಲ್ಲು ಹೇರತೀರಿ, ಜ್ವಾಳದ ಕಣಕಿ ಹೇರತೀರಿ. ನಮಗ ಗಾಡಿ ಬರೂದು ನಿಂತ್ರ ನಾವೇನು ಕುಡೀಬೇಕ್ರಿ?"

ಅವಳು ಗೀಟು ಹಾಕಲಿಲ್ಲ, ನಾನು ಒತ್ತಾಯ ಮಾಡಲಿಲ್ಲ. ಮುಂದಿನ ಐದಾರು ಕಿಲೋಮೀಟರ್ ಅವಳನ್ನು ಬೈಯುತ್ತ ಗಾಡಿ ಹೊಡೆದೆ. ಆಮೇಲೆ ಬೈಗುಳ ತಾನಾಗಿ ನನ್ನ ಕಡೆ ತಿರುಗಿತು. ಅವಳ ಮನೆಯ ಹಂಡೆಯಲ್ಲಿ ನೀರಿಲ್ಲ, ನಾನು ಧೈರ್ಯದ ಪಾಠ ಹೇಳಲು ಹೋಗಿದ್ದೆ.

ಕುಣಿಕೋಣೂರಿನಲ್ಲಿ ಶಾಂತಾಬಾಯಿಯನ್ನು ಹುಡುಕಲು ಒಂದು ತಾಸು ಹಿಡಿಯಿತು. ಕಡೆಗೆ ದಾಳಿಂಬೆ ತೋಟವೊಂದರಲ್ಲಿ ಕಸ ತೆಗೆಯುವ ಸಾಲಿನಲ್ಲಿ ಸಿಕ್ಕಳು. ಜೈಭೀಮ್ ಎಂದೆ. ಅವಳೂ ಎಂದಳು, ಆದರೆ ನಗಲಿಲ್ಲ. ಏಳನೆಯ ತರಗತಿವರೆಗೆ ಕಲಿತವಳು. ಬುಕ್ಕಿನ ಆರೂ ಸಾಲು ಬೆರಳಿಟ್ಟು ಓದಿದಳು. ಕೂಲಿಯವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು.

"ಮದ್ಲ ನಿಮ್ಮ ತಪ್ಪು ಬರೀರಿ," ಎಂದಳು. "ನೀರು ಬರೂಕಿಂತ ಮದ್ಲ ಸಹಿ ತೊಗೊಂಡವರು ಯಾರು? ನೀವು. ಹಾಕಿದವರು ಯಾರು? ನಾವು. ಆ ಮುಕಾದಮ ಕಳ್ಳ ಖರೆ, ಕದಾ ತಗದಿಟ್ಟವರು ನಾವ ಅಲ್ಲೇನ್ರಿ?"

ಅಷ್ಟು ಜನರ ಎದುರು ಹೆಣ್ಣುಮಗಳೊಬ್ಬಳು ತಪ್ಪು ಬರೆಯಿರಿ ಎಂದದ್ದು ನನಗೆ ಚುಚ್ಚಿತು. ಆದರೂ ಬದುವಿನ ಮೇಲೆ ಕುಳಿತು, ಗಡಿಯಾಚೆಯ ನಮ್ಮ ಕಚೇರಿಗಳಲ್ಲಿ ನಡೆಯುವುದು ಮರಾಠಿ ಎಂದು ಮರಾಠಿಯಲ್ಲೇ ಬರೆದೆ: ಸಹಿಗಳನ್ನು ಮುಂಚಿತವಾಗಿ ಪಡೆದದ್ದು ನನ್ನ ತಪ್ಪು. ಈ ಆರು ದಿನ ಗಾಡಿ ಎಲ್ಲಿಗೂ ಹೋಗಿಲ್ಲ, ನೀರು ಕೊಟ್ಟಿಲ್ಲ. ಶಾಂತಾಬಾಯಿ ಅದನ್ನು ಎರಡು ಸಲ ಓದಿ, ಆಮೇಲೆ ತನ್ನ ಆರು ಸಹಿಗಳ ಮೇಲೆ ಅಡಿಪಟ್ಟಿ ಇಟ್ಟಷ್ಟು ನೇರವಾಗಿ ಗೀಟು ಎಳೆದಳು. ಮಧ್ಯಾಹ್ನ ಕೂಲಿಯವರು ಊಟಕ್ಕೆ ಬಿಟ್ಟಾಗ ಅಲ್ಲಿಯೇ ಬೇವಿನ ನೆರಳಲ್ಲಿ ರೊಟ್ಟಿ ಬಿಚ್ಚಿದೆ. ಅರ್ಧ ಅವರಿಗೆ ಹೋಯಿತು, ಬದಲಿಗೆ ಹಸಿ ಉಳ್ಳಾಗಡ್ಡಿ ಬಂತು.

ಒಂದೂವರೆಗೆ ಜತ್ತ. ಸ್ಟ್ಯಾಂಡಿನ ಎದುರು ಒಂದು ವಡಾಪಾವ್, ಅರ್ಧ ಕಪ್ಪು ಚಹಾ. ತಪಾಸಣೆಯ ಅಂಗಳದಲ್ಲಿ ಹದಿನೈದಿಪ್ಪತ್ತು ಗಾಡಿ ನಿಂತಿದ್ದವು, ಮುಕಾದಮ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದ. ತಪಾಸಣೆಗೆ ಬಂದವರು ನಡುವಯಸ್ಸಿನ ಒಬ್ಬ ಮೇಡಂ. ಮಾತೆಲ್ಲ ಮರಾಠಿ. ನನ್ನ ಸರದಿ ಬಂದಾಗ ಮೂರು ದಾಟಿತ್ತು. ಪಾಸಿಂಗ್ ನೋಡಿದರು, ಟೈರು ಒತ್ತಿದರು, ಎಡಗಡೆಯ ಇಂಡಿಕೇಟರ್ ಹತ್ತುವುದಿಲ್ಲ ಎಂದು ಬರೆದುಕೊಂಡರು. ಆಮೇಲೆ ಬುಕ್ಕು ತೆರೆದು ಗೀಟುಗಳನ್ನು ನೋಡಿ ನನ್ನ ಮುಖ ನೋಡಿದರು. ಸರಕಾರಿ ಬುಕ್ಕಿನಲ್ಲಿ ಹೀಗೆ ಹೊಡೆದುಹಾಕಲು ಯಾವ ನಿಯಮದಲ್ಲಿದೆ ಎಂದು ಕೇಳಿದರು. ಬಾರದ ನೀರನ್ನು ಬಂತೆಂದು ಬರೆಯಲು ಯಾವ ನಿಯಮದಲ್ಲಿದೆಯೋ ನನಗೆ ಗೊತ್ತಿಲ್ಲ ಮೇಡಂ, ನನ್ನ ತಪ್ಪನ್ನು ಕೆಳಗೆ ಬರೆದಿದ್ದೇನೆ, ಓದಿ ಎಂದೆ.

ಓದಿದರು. ಎದ್ದು ಬಂದು ಗಾಡಿಯ ಮೀಟರ್ ನೋಡಿದರು. ಗಾಡಿಯ ಮೀಟರಿಗಿಂತ ಬುಕ್ಕಿನ ಮೀಟರ್ ಮುಂದೆ ಓಡಿತ್ತು. ಅಷ್ಟರಲ್ಲಿ ಮುಕಾದಮ ಕುರ್ಚಿ ಬಿಟ್ಟು ಓಡಿ ಬಂದ. ಮೀಟರಿನ ಕೇಬಲ್ ತುಂಡಾಗಿತ್ತು, ಇವನು ತನ್ನ ಮೇಲಿನ ಸಿಟ್ಟಿಗೆ ಓದು ಬಾರದ ಅಡಾಣಿ ಹೆಂಗಸರ ಕೈಯಿಂದ ಗೀಟು ಹೊಡೆಸಿಕೊಂಡು ಬಂದಿದ್ದಾನೆ ಎಂದ. ಅಸಂಗಿಯ ಪುಟ ತೆಗೆದು ತೋರಿಸಿದ. ಇಲ್ಲಿ ಸಹಿ ಹಾಗೇ ಇವೆಯಲ್ಲ, ಆ ವಸ್ತಿಗೆ ನೀರು ಹೇಗೆ ಹೋಯಿತು ಎಂದು ಕೇಳಿದ.

ಮೇಡಂ ಸಹಿಯ ಪಕ್ಕದ ನಂಬರಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲೆ ಇಟ್ಟರು. ಬೆಳಿಗ್ಗೆಯೇ ಹೆದರಿದ್ದ ಹೆಣ್ಣುಮಗಳು. ಹೌದು, ನೀರು ಬಂದಿದೆ ಎಂದುಬಿಟ್ಟರೆ ನಾನು ಬುಕ್ಕು ಕೆಡಿಸಿದ ಸುಳ್ಳ. ಹಾಗೆ ಹೇಳಿದರೂ ಅವಳನ್ನು ಬೈಯುವ ಹಕ್ಕು ನನಗಿರಲಿಲ್ಲ. ಫೋನಿನಲ್ಲಿ ಹೊಲದ ಗಾಳಿ, ಹೆಂಗಸರ ಮಾತು. ಯಾರು ಕೇಳುತ್ತಿದ್ದಾರೆ, ಏನು ಕೇಳುತ್ತಿದ್ದಾರೆ ಎಂದು ಮೇಡಂ ಬಿಡಿಸಿ ಹೇಳಿದರು. ಹೆಂಗಸರ ಮಾತು ದೂರ ಸರಿಯಿತು, ಹಸೀನಾ ಸಾಲು ಬಿಟ್ಟು ಆಚೆ ನಡೆದಿರಬೇಕು. ಆಮೇಲೆ ಮರಾಠಿಯಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಸಹಿ ನಂದ ಐತ್ರಿ. ನೀರು ಬಂದಿಲ್ಲ. ಆರು ದಿನದಾಗ ಒಂದ ಕೊಡಾನೂ ಬಂದಿಲ್ಲ."

ಮೇಡಂ ಕೆಂಪು ಪೆನ್ನು ತೆಗೆದು ಹದಿನೆಂಟೂ ಖೇಪು ರದ್ದು ಎಂದು ಬರೆದರು. ಮುಂಚಿತ ಸಹಿ ತೆಗೆದುಕೊಂಡದ್ದಕ್ಕೆ ನನಗೂ ಒಂದು ನೋಟಿಸು ಕೊಟ್ಟರು. ತಲೆ ಎತ್ತಿಯೇ ಸಹಿ ಮಾಡಿ ತೆಗೆದುಕೊಂಡೆ. ನಾನು ಬರೆದುಕೊಟ್ಟದ್ದು ಮುಟ್ಟಿದ್ದಕ್ಕೆ ಪೋಚು, ಅಂದರೆ ರಶೀದಿ, ಬೇಕು ಎಂದೆ. ಅವರು ಬರೆದು ಶಿಕ್ಕಾ ಒತ್ತಿ ಕೊಟ್ಟರು.

ಗೇಟಿನಲ್ಲಿ ಮುಕಾದಮ ಅಡ್ಡ ನಿಂತು, ನಾಳೆಯಿಂದ ಬರಬೇಡ ಎಂದ. ಗಾಡಿಯ ಮುಂದೆ ಕಟ್ಟಿದ್ದ 'ಕುಡಿಯುವ ನೀರು' ಬೋರ್ಡನ್ನು ನಾನೇ ಬಿಚ್ಚಿ ಅವನ ಕೈಗೆ ಕೊಟ್ಟೆ. ಬೇಸರ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವನ ಎದುರು ತೋರಿಸಿಕೊಳ್ಳಲಿಲ್ಲ.

ಮರಳಿ ಬರುವಾಗ ಅಸಂಗಿಯ ವಸ್ತಿಯಲ್ಲಿ ಗಾಡಿ ನಿಲ್ಲಿಸಿದೆ. ಸಂಜೆ ಆರರ ಹೊತ್ತು. ಸಿಮೆಂಟಿನ ತೊಟ್ಟಿಯ ಹತ್ತಿರ ಏಳೆಂಟು ಹೆಂಗಸರು ನೆರೆದಿದ್ದರು. ಗಾಡಿಯ ಮುಂದೆ ಬೋರ್ಡು ಇಲ್ಲದ್ದನ್ನು ಹಸೀನಾ ಕಂಡಳು. ಕೆಲಸದಿಂದ ತೆಗೆದರು ಎಂದೆ. ಮುಕಾದಮನ ಫೋನ್ ಆಗಲೇ ಅವಳಿಗೆ ಬಂದಿತ್ತಂತೆ. ನಾಳೆಯಿಂದ ಬೇರೆ ಗಾಡಿ, ಹೊಸ ಡ್ರೈವರ್ ಬೆಳಿಗ್ಗೆ ಆರಕ್ಕೆ ಬುಕ್ಕು ತರುತ್ತಾನೆ, ವಾರದ ಸಹಿ ಹಾಕಿಕೊಟ್ಟು ಕೂಲಿಗೆ ಹೋಗಿ ಎಂದು ಹೇಳಿದ್ದನಂತೆ. ನೀವೇನೆಂದಿರಿ ಎಂದು ಕೇಳಿದೆ.

"ದಿನಾ ಒಬ್ಬಾಕಿ ಕೂಲಿ ಬಿಟ್ಟು ತೊಟ್ಟಿ ಮುಂದ ಕುಂದ್ರೂದು ಅಂತ ಪಾಳಿ ಹಚ್ಚೀವ್ರಿ," ಎಂದಳು. "ನಾಳಿ ಪಾಳಿ ನಂದ. ಗಾಡಿ ಯಾರದರ ಬರಲಿ ಭಾಯಿ, ನೀರು ತೊಟ್ಟ್ಯಾಗ ಬೀಳೂತನಕ ನನ್ನ ಸಹಿ ಬೀಳೂದಿಲ್ಲ."