ಧವೆಂ ಅಂದರೆ ಬಿಳಿ

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ಒಂದು ಶಬ್ದವನ್ನು ಸರಿಯಾಗಿಯೇ ಅನುವಾದ ಮಾಡಿದೆ. ಎಲ್ಲ ಕೆಡಲು ಶುರುವಾದದ್ದು ಆಗ. ಗೋವಾದ ಪರ್ವರಿಯ ಒಂದು ಸಭಾಭವನದಲ್ಲಿ ಗಡಿಯಾರ ನನ್ನ ಕಣ್ಣೆದುರೇ ಇತ್ತು.

ಅಂದು ಅಲ್ಲಿ ಹೆಂಗಸರ ಗರ್ಭಕೋಶದ ಬಾಯಿಯನ್ನು ನೋಡುವ ಶಿಬಿರವಿತ್ತು. ಕ್ಯಾನ್ಸರ್ ಆಗುವ ಮೊದಲೇ ಅದರ ಸುಳಿವು ಹಿಡಿಯುವ ಪರೀಕ್ಷೆ. ನಾನು ಕರೆದೊಯ್ದದ್ದು ಶಾಂತವ್ವನನ್ನು. ಸಿಂದಗಿ ಕಡೆಯವಳು, ನಲವತ್ತು ದಾಟಿದವಳು, ನಮ್ಮ ಕಟ್ಟಡದ ನಾಲ್ಕು ಮನೆಗಳಲ್ಲಿ ರೊಟ್ಟಿ ಬಡಿಯುತ್ತಾಳೆ. ಹರಕುಮುರುಕು ಹಿಂದಿ ಬಿಟ್ಟರೆ ಅವಳಿಗೆ ಕನ್ನಡವೊಂದೇ. ನಾನು ಧಾರವಾಡದಿಂದ ಬಂದ ಎರಡು ವರ್ಷದಲ್ಲಿ ಕೊಂಕಣಿ ಕಲಿತಿದ್ದೆ; ಕಲಿತದ್ದಕ್ಕೆ ಸ್ವಲ್ಪ ಸೊಕ್ಕೂ ಇತ್ತು.

ಧಾರವಾಡದಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮಾಂಸ ತಿನ್ನುತ್ತೀರಾ ಎಂದು ವಿಚಾರಿಸುತ್ತಾರೆ. ಇಲ್ಲಿಯ ಮನೆಯೊಡತಿ ನಾವು ಮೀನು ತಿನ್ನುವುದಿಲ್ಲವೆಂದು ತಿಳಿದು, ಮತ್ತೆ ಊಟಕ್ಕೆ ಏನು ಮಾಡುತ್ತೀರಿ ಎಂದು ನಿಜವಾಗಿಯೂ ಕಳವಳಪಟ್ಟರು. ಘಟ್ಟದ ಮೇಲಿನಿಂದ ಬಂದವರನ್ನು ಇಲ್ಲಿ ‘ಘಾಟಿ’ ಎನ್ನುತ್ತಾರೆ. ಬೈಯುವಾಗಲೂ ಅದೇ ಮಾತು. ಒಮ್ಮೆ ನನ್ನೆದುರು ಹಾಗೆಂದವರು ಕೂಡಲೇ, ನಿಮಗಲ್ಲ ಎಂದು ಸಮಾಧಾನ ಹೇಳಿದರು. ಅಂದರೆ ಶಾಂತವ್ವನಂಥವರಿಗೆ.  ನನಗೆ ಒಳಗೊಳಗೆ ಹಿತವೇ ಆಯಿತು.

ಶಿಬಿರದಲ್ಲಿ ಶಾಂತವ್ವ ನನ್ನ ಕೈ ಬಿಡಲೇ ಇಲ್ಲ. ವೈದ್ಯೆ ವಿನೆಗರ್‌ನಂಥ ತೆಳುವಾದ ಆಮ್ಲವನ್ನು ಹತ್ತಿಯಿಂದ ಹಚ್ಚಿ, ದೀಪವೂ ಕ್ಯಾಮೆರಾವೂ ಕೂಡಿದ, ಕೈಯಲ್ಲಿ ಹಿಡಿಯುವ ಉಪಕರಣದಿಂದ ನೋಡಿದರು. ಆರೋಗ್ಯವಾಗಿರುವ ಜಾಗ ಗುಲಾಬಿಯಾಗಿಯೇ ಉಳಿಯುತ್ತದಂತೆ. ಜೀವಕೋಶಗಳು ಬದಲಾಗುತ್ತಿರುವ ಕಡೆ ಕೆಲವು ನಿಮಿಷ ಬೆಳ್ಳಗಾಗುತ್ತದೆ. ದೀಪವನ್ನು ಹಸಿರಿಗೆ ತಿರುಗಿಸಿದರೆ ರಕ್ತನಾಳಗಳು ಕಪ್ಪು ಗೆರೆಗಳಾಗಿ ಏಳುತ್ತವೆ. ಶಾಂತವ್ವನನ್ನು ಕೇಳಿ, ಚಿತ್ರವನ್ನು ನನಗೂ ತೋರಿಸಿದರು. “ಧವೆಂ ದಿಸ್ತಾ,” ಎಂದರು. ಧವೆಂ ಅಂದರೆ ಬಿಳಿ.

“ಬಿಳಿ ಕಾಣಸ್ತದಂತ, ಶಾಂತವ್ವ. ದೊಡ್ಡ ದವಾಖಾನಿಗೆ ಹೋಗಿ ತೋರಿಸಬೇಕಂತ.”

ಅವಳ ಮುಖ ಸಡಿಲಾಯಿತು. “ಅಷ್ಟನ ಏನ್ರಿ? ನಾ ಏನೋ ಅಂತ ಹೆದರಿದ್ನಿರಿ ಅಕ್ಕಾರ.”

ಧೈರ್ಯದ ಹೆಣ್ಣು ಎಂದುಕೊಂಡೆ. ಆಸ್ಪತ್ರೆಗೆಂದು ವೈದ್ಯೆ ಬರೆದ ಚೀಟಿಯನ್ನು ಅವಳಿಗೆ ಕೊಟ್ಟೆ. ನಾದಿನಿಯ ಜೊತೆ ಹೋಗುತ್ತೇನೆ ಅಂದಳು. ಆಮೇಲೆ ನಾನು ಕೇಳಲಿಲ್ಲ. ಧಾರವಾಡವಾಗಿದ್ದರೆ ಹೋದೆಯಾ, ಏನಂದರು ಎಂದು ಇಡೀ ಓಣಿ ಹತ್ತು ಸಲ ಕೇಳಿ ಜೀವ ತಿನ್ನುತ್ತಿತ್ತು. ಇಲ್ಲಿ ಒಬ್ಬರ ಮನೆಯ ವಿಷಯದಲ್ಲಿ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ಆ ಮರ್ಯಾದೆಯನ್ನೂ ನಾನು ಚೆನ್ನಾಗಿ ಕಲಿತುಬಿಟ್ಟಿದ್ದೆ.

ಐದು ವಾರದ ನಂತರ ಹಿಟ್ಟು ನಾದುತ್ತ ಅವಳೇ ಮಾತು ತೆಗೆದಳು. “ಬಿಳಿ ಹೋಗೂದು ಕಡಿಮಿ ಆಗೇತ್ರಿ. ಕೊತ್ತಂಬರಿ ಬೀಜದ ನೀರು ಕುಡ್ಯಾಕತ್ತೇನಿ. ಉಷ್ಣ ಆಗಿತ್ತು, ಅಷ್ಟನ.”

ಆಗ ನನಗೆ ಹೊಳೆಯಿತು. ನಮ್ಮ ಕಡೆ ಹೆಂಗಸರ ಬಾಯಲ್ಲಿ ಬಿಳಿ ಅಂದರೆ ಒಂದೇ: ಬಿಳಿ ಹೋಗುವುದು, ಬಿಳಿಸೆರಗು. ಮನೆಮದ್ದಿನಲ್ಲೇ ಮುಗಿಸುವ ತೊಂದರೆ. ನಾನೂ ಅದನ್ನೇ ಕೇಳುತ್ತ ಬೆಳೆದವಳು. ಅಂದು ಕಿವಿಯೆಲ್ಲ ಕೊಂಕಣಿಯ ಕಡೆ ಇತ್ತು. ನನ್ನದೇ ಭಾಷೆಗೆ ಬಂದಾಗ ಆ ಶಬ್ದ ಏನಾಗುತ್ತದೆಂದು ನೋಡಲಿಲ್ಲ. ಆಸ್ಪತ್ರೆಯ ಚೀಟಿ ಅವಳ ಮನೆಯಲ್ಲಿ ಮಡಚಿಟ್ಟ ಹಾಗೆಯೇ ಇತ್ತು.

“ಅದು ಹೋಗೂ ಬಿಳಿ ಅಲ್ಲ, ಶಾಂತವ್ವ,” ಅಂದೆ. “ಒಳಗ ಕುಂತ ಬಿಳಿ. ಔಷಧ ಹಚ್ಚಿದಾಗಷ್ಟ ಕಾಣತದ. ಹಂಗ ಬಿಟ್ರ ಮುಂದ ಕ್ಯಾನ್ಸರ್ ಆಗಬಹುದು.”

ಅವಳ ಕೈ ಹಿಟ್ಟಿನಲ್ಲೇ ನಿಂತಿತು. “ಕಲತವ್ರು ನೀವು. ಇಷ್ಟು ಬಿಡಿಸಿ ಅವತ್ತ ಹೇಳಾಕ ಏನಾಗಿತ್ರಿ?”

 ಮರುದಿನವೇ ದೊಡ್ಡ ಆಸ್ಪತ್ರೆಗೆ ಹೋದೆವು. ಬೆಳ್ಳಗಾದ ಜಾಗದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಫಲಿತಾಂಶ: ಕ್ಯಾನ್ಸರ್ ಅಲ್ಲ, ಅದರ ಹಿಂದಿನ ಹಂತ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಳೇ ಬೇಕು, ಐದು ವಾರದಿಂದ ಕೆಟ್ಟದ್ದೇನೂ ಆಗಿಲ್ಲ ಎಂದರು ಅಲ್ಲಿಯ ವೈದ್ಯರು. ಕಾಯಿಸಿದ ತಂತಿಯ ಕುಣಿಕೆಯಿಂದ ಆ ಭಾಗವನ್ನು ತೆಗೆದರು. ಸಂಜೆಯೊಳಗೆ ಅವಳು ಮನೆಗೆ ಬಂದಳು, ವಾರ ಕಳೆದು ಕೆಲಸಕ್ಕೂ ಬಂದಳು. ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ಹಿಟ್ಟು ನಾದುತ್ತ ಅವಳು ಆ ಮಾತು ಆಡದೇ ಇದ್ದಿದ್ದರೆ? ಈ ಪ್ರಶ್ನೆ ತಿಂಗಳುಗಟ್ಟಲೆ ನನ್ನನ್ನು ಎಬ್ಬಿಸಿ ಕೂರಿಸಿತು.

ಆರು ತಿಂಗಳ ಮೇಲೆ ಮರುಪರೀಕ್ಷೆ. ಎಲ್ಲ ಸ್ವಚ್ಛವಿತ್ತು. ಇನ್ನು ವರ್ಷ ಬಿಟ್ಟು ಬಂದರೆ ಸಾಕು ಎಂದರು. ತಾರೀಖು ಬರೆದುಕೊಳ್ಳುವ ಹೆಂಗಸು ನಮ್ಮ ಕನ್ನಡ ಕೇಳಿಸಿಕೊಂಡು, ಆ ಹೊತ್ತಿಗೆ ಇಲ್ಲಿರುತ್ತೀರೋ ಊರಿಗೆ ಹೋಗಿರುತ್ತೀರೋ ಎಂದು ವಿಚಾರಿಸಿದರು. ಊರಿಗೆ ಹೋದಾಗಲೆಲ್ಲ, ಗೋವಾ ಬಿಟ್ಟು ಯಾವಾಗ ಬರುತ್ತೀರಿ ಎಂದು ಕೇಳುವ ಅಲ್ಲಿಯವರಿಗೆ ನಾನೂ ಶಾಂತವ್ವನೂ ಕೊಡುವ ಉತ್ತರ ಒಂದೇ: ಮುಂದಿನ ವರ್ಷ ಊರಿಗೇ ವಾಪಸ್ ಬಂದುಬಿಡುತ್ತೇವೆ.

“ಹಾಂಗಾಚ್,” ಅಂದೆ.

ಏನು ಹೇಳಿದಿರಿ ಎಂದು ಶಾಂತವ್ವ ಕೇಳಿದಳು. ಇಬ್ಬರೂ ಇಲ್ಲೇ ಇರುತ್ತೇವೆ ಅಂದೆ ಎಂದು ತಿಳಿಸಿದೆ.

“ನನ್ನ ಕೇಳದನ ಹೇಳಿಬಿಟ್ರಿ?” ಎಂದು ನಕ್ಕಳು. ಸ್ವಲ್ಪ ತಡೆದು, “ಆತು ಬಿಡ್ರಿ. ಬರಕೋ ಅನ್ರಿ,” ಎಂದಳು.

ಅಂದು ರಾತ್ರಿ ನಾನು ಒಮ್ಮೆಯೂ ಏಳದೆ ಬೆಳಗಿನ ತನಕ ಮಲಗಿದೆ. ಎದ್ದಾಗ ಧಾರವಾಡದಿಂದ ಅವ್ವನ ಎರಡು ಮಿಸ್ಡ್ ಕಾಲ್ ಇದ್ದವು. ತಿರುಗಿ ಫೋನ್ ಮಾಡಿ, ದೀಪಾವಳಿಗೆ ಬರುತ್ತೇನೆ ಅಂದೆ. ಮುಂದಿನ ವರ್ಷದ ಮಾತು ಆಡಲಿಲ್ಲ.