ಅತ್ತೆ ಹೂಡಿದ ಎರಡನೇ ಒಲೆ

ಬಡವರ ಓಣಿಯೆಂದರೆ ಒಂದೇ ಮನೆಯಿದ್ದ ಹಾಗೆ, ಒಬ್ಬರ ಕಷ್ಟಕ್ಕೆ ಎಲ್ಲರೂ ಓಡಿ ಬರುತ್ತಿದ್ದರು ಎಂದು ಯಾರಾದರೂ ವೇದಿಕೆಯ ಮೇಲೆ ನಿಂತು ಹೇಳಿದರೆ ನನಗೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ಹಾಗೆ ಹೇಳುವವರು ಅಂಥ ಓಣಿಯಲ್ಲಿ ಒಂದು ದಿನವಾದರೂ ನೀರು ಹಿಡಿದಿರುವುದಿಲ್ಲ. ನಾನು ಹಿಡಿದಿದ್ದೇನೆ. ಕೊಡಕ್ಕೆ ಕೊಡ ಬಡಿದು, ಜಡೆ ಕಿತ್ತಾಡಿ, ಎದುರಿನವಳ ಸತ್ತ ಹಿರಿಯರನ್ನೆಲ್ಲ ಎಬ್ಬಿಸಿ ಬೈದು ಹಿಡಿದಿದ್ದೇನೆ. ಓಡಿ ಬರುತ್ತಿದ್ದದ್ದು ಮಾತ್ರ ನಿಜ. ನೋಡುವುದಕ್ಕೆ ಓಡಿ ಬರುತ್ತಿದ್ದರು.

ನಮ್ಮ ಓಣಿ ಇದ್ದದ್ದು ರಾಯಚೂರಿನಲ್ಲಿ, ರೈಲು ಹಳಿಯ ಆಚೆ, ಹತ್ತಿ ಕಾರ್ಖಾನೆಯ ಹಿಂದಿನ ಗೋಡೆಗೆ ಅಂಟಿಕೊಂಡು. ದೊಡ್ಡ ಯುದ್ಧದ ಕಾಲ ಅದು. ಯುದ್ಧ ಎಲ್ಲಿ ನಡೆದಿದೆ ಎಂದು ನಮಗೆ ಗೊತ್ತಿರಲಿಲ್ಲ, ಜೋಳ ಸಿಗುವುದಿಲ್ಲ ಎಂಬುದಷ್ಟೇ ಗೊತ್ತಿತ್ತು. ಎದುರುಬದುರಾಗಿ ಎರಡು ಸಾಲು ಗುಡಿಸಲು. ಈ ಸಾಲಿನಲ್ಲಿ ಮಾನವಿ ಕಡೆಯ ನಾವು, ಆ ಸಾಲಿನಲ್ಲಿ ದೇವದುರ್ಗ ಕಡೆಯವರು, ನಡುವೆ ಮೋರಿ. ಕಾರ್ಖಾನೆಯ ಎಂಜಿನ್ನು ಹೊರಗೆ ಬಿಟ್ಟ ಬಿಸಿನೀರು ಆ ಮೋರಿಗೆ ಬೀಳುತ್ತಿತ್ತು. ಬಟ್ಟೆ ಒಗೆಯುವುದಕ್ಕೂ ಮೈ ತೊಳೆಯುವುದಕ್ಕೂ ಅದೇ ನೀರು. ಪೇಟೆಗೆ ಹೋದರೆ ತಲೆಗೂದಲಿಗೆ ಅಂಟಿದ ಅರಳೆ ನೋಡಿಯೇ ಅಂಗಡಿಯವರು ನಮ್ಮನ್ನು ಗುರುತು ಹಿಡಿಯುತ್ತಿದ್ದರು. "ಅರಳಿ ತಲಿಯೋರು ಬಂದ್ರು, ಅಲ್ಲೇ ದೂರ ನಿಲ್ಲಿಸ್ರಿ" ಎನ್ನುತ್ತಿದ್ದರು. ಅವರು ಉಟ್ಟ ಧೋತರದ ಹತ್ತಿ ನಮ್ಮ ಕೈ ದಾಟಿಯೇ ಹೋಗಿರುತ್ತಿತ್ತು. ಅದನ್ನು ಅವರ ಮುಖಕ್ಕೆ ಹೇಳಬೇಕೆಂದು ಬಹಳ ಸಲ ಬಾಯಿಗೆ ಬಂದಿದೆ. ಹೇಳಿದ್ದರೆ ದೀಪಕ್ಕೆ ಎಣ್ಣೆ ಸಿಗುತ್ತಿರಲಿಲ್ಲ.

ಕಲ್ಲೂರಿನಿಂದ ನಾನು ಆ ಓಣಿಗೆ ಸೊಸೆಯಾಗಿ ಬಂದಾಗ ನನ್ನ ಅತ್ತೆ ಕಾರ್ಖಾನೆಯಲ್ಲಿ ಜಿನ್ನಿನ ಮುಂದೆ ಕೂಡುತ್ತಿದ್ದಳು. ಜಿನ್ನು ಎಂದರೆ ಹತ್ತಿಯಿಂದ ಕಾಳು ಬಿಡಿಸುವ ಯಂತ್ರ. ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು ಕೂತು ಹತ್ತಿಯನ್ನು ಹಿಡಿ ಹಿಡಿಯಾಗಿ ಅದರ ಬಾಯಿಗೆ ಕೊಡುತ್ತಿರಬೇಕು. ಆ ಜಾಗಕ್ಕೆ ನಮ್ಮಲ್ಲಿದ್ದ ಬೆಲೆ ದೇವರ ಗದ್ದುಗೆಗೂ ಇರಲಿಲ್ಲ. ಯಾಕೆಂದರೆ ಗುಡಿಸಲುಗಳು ಕಾರ್ಖಾನೆಯ ಮಾಲೀಕರವು. ಮನೆಯಲ್ಲಿ ಜಿನ್ನಿನ ಮುಂದೆ ಕೂಡುವವಳಿದ್ದರೆ ಗುಡಿಸಲು ಉಂಟು. ಜಾಗ ಹೋಯಿತೆಂದರೆ ಅದೇ ಸಂಜೆ ಗಂಟುಮೂಟೆ ಬೀದಿಗೆ. ಆ ಜಾಗಕ್ಕೆ ಬಾಯಿ ಬಿಟ್ಟುಕೊಂಡು ಕಾಯುವ ಹೆಂಗಸರ ಗುಂಪು ಗೇಟಿನ ಹೊರಗೆ ಸದಾ ಇರುತ್ತಿತ್ತು. ನನ್ನಂಥವರಿಗೆ ಸಿಗುತ್ತಿದ್ದದ್ದು ಅಂಗಳದಲ್ಲಿ ಕೂತು ಹತ್ತಿಯ ಕಸ ಆರಿಸುವ ಕೂಲಿ. ಅದಕ್ಕೆ ಗುಡಿಸಲು ಕೊಡುತ್ತಿರಲಿಲ್ಲ.

ಬೇನೆ ಬಿದ್ದವಳು ತನ್ನ ಜಾಗ ಉಳಿಸಿಕೊಳ್ಳಬೇಕಾದರೆ ಬದ್ಲಿ ಕೊಡಬೇಕು. ಅವಳು ಏಳುವ ತನಕ ಅವಳ ಮನೆಯವಳೇ ಇನ್ನೊಬ್ಬಳು ಬಂದು ಕೂಡಬೇಕು. ಹಿಂದೆ ಕೆಲವರು ಸಿಕ್ಕಸಿಕ್ಕವರನ್ನೆಲ್ಲ ತಂಗಿ, ನಾದಿನಿ ಎಂದು ಕೂರಿಸಿದ್ದರಂತೆ. ಆಮೇಲೆ ಹೆಂಗಸರ ಕೆಲಸ ನೋಡುವ ಮುಕದ್ದಮ ಒಂದು ಕಟ್ಟು ಮಾಡಿದ. ಒಂದೇ ಒಲೆಯ ಅಡಿಗೆ ಉಣ್ಣುವವರು ಮಾತ್ರ ಒಂದು ಮನೆಯವರು. ರಕ್ತ ಕೇಳುವುದಿಲ್ಲ, ತಾಳಿ ಕೇಳುವುದಿಲ್ಲ, ಒಲೆ ಕೇಳುತ್ತಾನೆ. ಒಲೆ ಎರಡಾದರೆ ಮನೆ ಎರಡು. ಇದು ಓಣಿಯ ಕೂಸಿಗೂ ಗೊತ್ತಿತ್ತು, ನಮ್ಮತ್ತೆಗೂ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟಿನ ಕೈಗೆ ಬುದ್ಧಿ ಕೊಟ್ಟು ಎರಡನೇ ಒಲೆ ಹೂಡಿದಳು.

ಸಿಟ್ಟಿಗೆ ಕಾರಣ ನನ್ನ ಗಂಡ. ಸ್ಟೇಷನ್ನಿನಲ್ಲಿ ಹಮಾಲಿ ಮಾಡುತ್ತಿದ್ದವನು, ಸೊಲ್ಲಾಪುರದ ಮಿಲ್ಲಿನಲ್ಲಿ ಕೆಲಸ ಸಿಗುತ್ತದೆ, ನೋಡಿಕೊಂಡು ಬರುತ್ತೇನೆ ಎಂದು ರೈಲು ಹತ್ತಿದ. ಮಳೆಗಾಲ ಹೋಯಿತು, ಹೊಸ ಹತ್ತಿ ಬಂತು, ಕಾರ್ಖಾನೆ ಶುರುವಾಯಿತು, ಅವನ ಸುದ್ದಿಯಿಲ್ಲ. ಅತ್ತೆಯ ಪ್ರಕಾರ ತಪ್ಪೆಲ್ಲ ನನ್ನದು. ಒಂದು ಸಂಜೆ ಕಾರ್ಖಾನೆಯ ಭೋಂಗಾ ಕೂಗಿ ಓಣಿಯೆಲ್ಲ ಮನೆಗೆ ಬರುತ್ತಿದ್ದ ಹೊತ್ತಿಗೆ ಅವಳು ನಾನು ಮಾಡಿಟ್ಟ ರೊಟ್ಟಿಯನ್ನು ಬುಟ್ಟಿಸಮೇತ ಹೊರಗೆ ಎಸೆದಳು. ಮೂರು ಕಲ್ಲು ತಂದು ಬಾಗಿಲ ಹೊರಗೆ, ಗೋಡೆಗೆ ತಾಗಿಸಿ ಇಟ್ಟಳು.

"ನನ್ನ ಮಗನ್ನ ಊರು ಬಿಡಿಸಿದಾಕಿ ನೀನು" ಎಂದಳು. "ಇನ್ನ ಮ್ಯಾಲೆ ನಿನ್ನ ಒಲಿ ಹೊರಗ, ನನ್ನ ಒಲಿ ಒಳಗ. ನಿನ್ನ ಕೈ ರೊಟ್ಟಿ ನನ್ನ ಹೆಣಾನೂ ತಿನ್ನೂದಿಲ್ಲ."

"ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ" ಎಂದೆ ನಾನೂ. "ನನ್ನ ಕಾಲಾನೂ ಬರ್ತದ, ನೋಡ್ಕೋತ ಇರು."

ಎದುರು ಸಾಲಿನಲ್ಲಿ ಗೂಗಲ್ ಎಂಬ ಊರಿನ ವಿಧವೆ ಒಬ್ಬಳಿದ್ದಳು. ಅವಳೂ ಜಿನ್ನಿನ ಮುಂದೆ ಕೂಡುವವಳೇ. ಗೇಟಿನ ಹೊರಗೆ ಕಾಯುವವರಲ್ಲಿ ಅವಳ ಮಗಳು ಎಲ್ಲರಿಗಿಂತ ಮುಂದೆ. ಅಂದರೆ ಮೊದಲು ಖಾಲಿಯಾಗುವ ಜಾಗ ಆ ಮಗಳದು. ಆ ಸಂಜೆ ವಿಧವೆ ಹೊಸ್ತಿಲಲ್ಲಿ ಕಾಲು ಚಾಚಿ ಕೂತು, ಎಲೆ ಅಡಿಕೆ ಜಗಿಯುತ್ತ ನಮ್ಮ ಜಗಳವನ್ನು ಕೊನೆಯ ತನಕ ನೋಡಿದಳು. ಮುಗಿದ ಮೇಲೆ ಮೋರಿಗೆ ಉಗುಳಿ, "ಮಾನ್ವಿಯವರ ಮನಿ ಎರಡಾತಲ್ಲವ್ವಾ" ಎಂದು ಒಳಗೆ ಹೋದಳು.

ಅತ್ತೆಗೆ ಕೆಮ್ಮು ಮೊದಲಿನಿಂದ ಇತ್ತು. ಅರಳೆಯ ಧೂಳು ನುಂಗಿ ನುಂಗಿ ಕಾರ್ಖಾನೆಯಲ್ಲಿ ಕೆಮ್ಮದವರೇ ಇರಲಿಲ್ಲ. ಆ ಚಳಿಗಾಲ ಅದು ಅವಳ ಎದೆಗೆ ಇಳಿಯಿತು. ಮುಕದ್ದಮನಿಗೆ ಕೇಳಿಸಬಾರದೆಂದು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೆಮ್ಮುತ್ತಿದ್ದಳು. ಸಂಜೆ ಒಳಗೆ ಅವಳು ಒಲೆ ಊದಲು ಉಸಿರು ಸಾಲದೆ ಒದ್ದಾಡುವುದು ಹೊರಗೆ ಕೂತ ನನಗೆ ಕೇಳುತ್ತಿತ್ತು. ಸಾಯಲಿ ಎಂದುಕೊಳ್ಳುತ್ತಿದ್ದೆ. ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ. ಅವಳೂ ನನ್ನ ಬಗ್ಗೆ ಅದನ್ನೇ ದೇವರ ಹತ್ತಿರ ಬೇಡುತ್ತಿದ್ದಳು, ಅದೂ ಗಟ್ಟಿಯಾಗಿ.

ಒಂದು ಬೆಳಿಗ್ಗೆ ಜಿನ್ನಿನ ಮುಂದೆಯೇ ಕುಸಿದು ಬಿದ್ದಳು. ಹೊತ್ತು ತಂದು ಗುಡಿಸಲಿನಲ್ಲಿ ಮಲಗಿಸಿದರು. ಮುಕದ್ದಮ ಅಂಗಳದಲ್ಲಿದ್ದ ನನ್ನನ್ನು ಕರೆದು, "ಆಕಿ ಸೊಸಿ ಅಲ್ಲೇನು ನೀನು? ಬದ್ಲಿ ಕೂಡು" ಎಂದ. ನಾನು ಕೂಡುವಷ್ಟರಲ್ಲಿ ಗೇಟಿನ ಕಡೆಯಿಂದ ಯಾರೋ ಕೂಗಿದರು: "ಅವರದು ಒಲಿ ಎರಡು ಅದಾವ್ರಿ." ಮನೆ ಉರಿಯುವಾಗ ಗಳ ಹಿರಿಯುವವರು ಎಲ್ಲ ಕಡೆಯೂ ಇರುತ್ತಾರೆ. ಮುಕದ್ದಮ ನನ್ನ ಮುಖ ನೋಡಿದ. "ಮಧ್ಯಾಹ್ನದ ಭೋಂಗಾ ಆದಮ್ಯಾಲೆ ನಾನ ಬಂದು ನೋಡ್ತೀನಿ. ಅಲ್ಲೀತನ ಈ ಜಾಗಾ ಯಾರಿಗೂ ಇಲ್ಲ" ಎಂದ.

ನಾನು ಮನೆಗೆ ಓಡಿದೆ. ಅತ್ತೆ ಕಣ್ಣು ಮುಚ್ಚಿ ಬಿದ್ದಿದ್ದಳು. ವಿಷಯ ಹೇಳಿದೆ. "ಹೋದ್ರ ಹೋಗ್ಲಿ ಬಿಡು, ಕಲ್ಲೂರಿಗೆ ಹೋಗೂಣು. ನಮ್ಮಪ್ಪನ ಮನ್ಯಾಗ ಎಲ್ಲೋ ಒಂದು ಮೂಲಿ ಸಿಗ್ತದ" ಎಂದೆ. ಅವಳು ಕಣ್ಣು ತೆರೆದಳು.

"ನನ್ನ ಮಗ ಬಂದ್ರ ಎಲ್ಲಿಗೆ ಬರಬೇಕು? ಅವಗ ಗೊತ್ತಿರೂದು ಇದೊಂದ ಬಾಗಲಾ."

ಎಬ್ಬಿಸಲು ಹೋದರೆ ನನ್ನ ಕೈ ತಳ್ಳಿದಳು. ಗೋಡೆ ಹಿಡಿದುಕೊಂಡು ತಾನೇ ಹೊರಗೆ ಬಂದು, ಮೂರು ಕಲ್ಲನ್ನೂ ಒಂದೊಂದಾಗಿ ಉರುಳಿಸಿ ಮೋರಿಗೆ ಹಾಕಿದಳು. ಬೂದಿ ಬಳಿದು, ನೆಲಕ್ಕೆ ಸಗಣಿ ಸಾರಿಸಿದಳು. ಒಲೆ ಇತ್ತೆಂದು ಯಾರೂ ಹೇಳದಂತೆ ನೆಲ ನುಣ್ಣಗಾಯಿತು. ಗೋಡೆಯ ಮೇಲಿನ ಮಸಿಯನ್ನು ಇಬ್ಬರೂ ಮರೆತೆವು. ಅದು ಮೊಳದುದ್ದ ಕರ್ರಗೆ ಹಾಗೆಯೇ ನಿಂತಿತ್ತು, ಅದನ್ನು ನಾನು ನೋಡಿದ್ದು ಮುಕದ್ದಮ ನೋಡಿದಾಗಲೇ.

ಭೋಂಗಾ ಆಗಿ ಉಣ್ಣಲು ಬಂದಿದ್ದ ಓಣಿಯೆಲ್ಲ ಅವನ ಹಿಂದೆ ನಿಂತಿತ್ತು. ಹೇಳಿದೆನಲ್ಲ, ನೋಡಲು ಓಡಿ ಬರುತ್ತಿದ್ದರೆಂದು.

"ಇದೇನು ಮಸಿ?" ಎಂದ ಮುಕದ್ದಮ. ಅವನು ತಿರುಗಿ ಎದುರು ಮನೆಯ ವಿಧವೆಯನ್ನು ಕೇಳಿದ. "ನೀ ಹೇಳು. ದಿನಾ ಕಣ್ಣ ಮುಂದ ಇರ್ತೀ. ಈ ಮನಿಗೆ ಒಲಿ ಒಂದೋ ಎರಡೋ?"

ಮುಗಿಯಿತು ಎಂದುಕೊಂಡೆ. ಅವಳು ಒಂದು ಮಾತು ಹೇಳಿದರೆ ನಾಳೆ ಬೆಳಿಗ್ಗೆ ಅವಳ ಮಗಳು ನಮ್ಮತ್ತೆಯ ಜಾಗದಲ್ಲಿ ಕೂಡುತ್ತಾಳೆ, ಮಗಳಿಗೊಂದು ಗುಡಿಸಲೂ ಆಗುತ್ತದೆ. ನಾನಾಗಿದ್ದರೆ ಹೇಳುತ್ತಿದ್ದೆ.

"ಒಂದ ಅದ ರೀ" ಎಂದಳು ವಿಧವೆ. "ಅದು ನೀರು ಕಾಸಿದ ಮಸಿ. ಬ್ಯಾನಿ ಬಿದ್ದಾಕಿಗೆ ಬಿಸಿನೀರು ಬ್ಯಾಡೇನ್ರಿ?"

"ಮೋರಿಯಾಗ ಬಿಸಿನೀರು ಹರೀತದಲ್ಲ?"

"ಅದನ್ನ ಕುಡೀಬೇಕೇನ್ರಿ? ನೀವು ಕುಡೀತೀರೇನು?"

ಯಾರೋ ಕಿಸಕ್ಕೆಂದು ನಕ್ಕರು. ಮುಕದ್ದಮನಿಗೆ ಸಿಟ್ಟು ಬಂತು. "ಆತು" ಎಂದ. "ಸೊಸಿ ಬದ್ಲಿ ಕೂಡ್ಲಿ. ನಾನು ದಿನಾ ಸಂಜಿಮುಂದ ಈ ಕಡಿಯಿಂದ ಹಾದು ಹೋಗ್ತೀನಿ. ಸೊಸಿ ಮಾಡಿದ್ದು ಅತ್ತಿ ಉಣ್ಣೂದು ನನ್ನ ಕಣ್ಣಿಗೆ ಬೀಳಬೇಕು. ಬೀಳಲಿಲ್ಲಂದ್ರ ಎರಡೂ ಸಾಲಿನ ಒಲಿ ಎಣಸ್ತೀನಿ, ಎರಡು ಒಲಿ ಇದ್ದ ಮನಿ ಖಾಲಿ ಮಾಡಸ್ತೀನಿ." ಇಷ್ಟು ಹೇಳಿ ಹೋದ.

ನಾನು ಮೋರಿ ದಾಟಿ ಹೋಗಿ ವಿಧವೆಯ ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. "ನಿನ್ನ ಸಲುವಾಗಿ ಅಲ್ಲಬೇ. ಹಿತ್ತಲದಾಗ ನನ್ನ ಸೊಸಿ ಒಲಿ ಹೊಗಿ ಆಡಾಕತ್ತಿತ್ತು. ನಿಮ್ಮ ಮಸಿ ಕಂಡಾಂವಗ ನಮ್ಮ ಹೊಗಿ ಕಾಣೂದಿಲ್ಲೇನು? ನಿಮ್ಮತ್ತಿಗೆ ಹೇಳು, ನಾಳಿಂದ ಹೊಸ್ತಲದಾಗ ಕುಂತು ಉಣ್ಣಾಕ. ಆಕಿ ಸೊಕ್ಕಿಗೆ ನನ್ನ ಮನಿ ಹೋತಂದ್ರ ಆಕಿ ಜುಟ್ಟು ನನ್ನ ಕೈಯಾಗ ಇರ್ತದ."

ಎಲ್ಲರ ಮನೆಯ ದೋಸೆಯೂ ತೂತು ಎನ್ನುತ್ತಾರೆ. ದೋಸೆ ನಮಗೆಲ್ಲಿಂದ ಬರಬೇಕು. ನಮ್ಮ ಓಣಿಯಲ್ಲಿ ಎಲ್ಲರ ಮನೆಗೂ ಇದ್ದದ್ದು ಎರಡನೇ ಒಲೆ. ಮರುದಿನದಿಂದ ಇಡೀ ಓಣಿ ನಮ್ಮತ್ತೆಯ ಬಾಯಿ ಕಾಯತೊಡಗಿತು. ಇದನ್ನೇ ಈಗಿನವರು ಒಗ್ಗಟ್ಟು ಎಂದು ಕರೆಯುವುದಾದರೆ ಕರೆಯಲಿ, ನನ್ನದೇನೂ ತಕರಾರಿಲ್ಲ.

ಮೊದಲ ಸಂಜೆ ನಾನು ಕಾರ್ಖಾನೆಯಿಂದ ಬಂದು, ಒಳಗಿನ ಒಲೆ ಹಚ್ಚಿ ರೊಟ್ಟಿ ಬಡಿದೆ, ಪುಂಡಿ ಪಲ್ಯ ಮಾಡಿದೆ. ಅತ್ತೆಯನ್ನು ಹೊಸ್ತಿಲಿಗೆ ತಂದು ಕೂರಿಸಿ ಕೈಗೆ ರೊಟ್ಟಿ ಕೊಟ್ಟೆ. ಅವಳು ಅದನ್ನು ಹಿಡಿದುಕೊಂಡು ಸುಮ್ಮನೆ ಕೂತಳು. "ತಿನ್ನಬೇ, ಅಂವ ಬರಾಕತ್ತಾನ" ಎಂದು ಎದುರಿನಿಂದ ವಿಧವೆ ಹಲ್ಲು ಕಚ್ಚಿ ಹೇಳಿದಳು. ಅತ್ತೆ ಒಂದು ತುಣುಕು ಮುರಿದಳು, ಬಾಯಿಗಿಟ್ಟಳು, ಅಗಿದಳು.

"ರೊಟ್ಟಿ ಹಸಿ ಅದಾವ" ಎಂದಳು, ಓಣಿಗೆಲ್ಲ ಕೇಳುವಂತೆ. "ಪಲ್ಯಾಕ ಉಪ್ಪಿಲ್ಲ. ಇಕಿಗೆ ಇಕಿ ಅವ್ವ ಏನು ಕಲಿಸ್ಯಾಳೋ."

"ನಾಲಿಗಿ ಸತ್ತಾಕಿಗೆ ಉಪ್ಪು ಹೆಂಗ ಗೊತ್ತಾಗಬೇಕು" ಎಂದೆ ನಾನು ಒಳಗಿನಿಂದ, ಅಷ್ಟೇ ಗಟ್ಟಿಯಾಗಿ.

ಹಾದು ಹೋಗುತ್ತಿದ್ದ ಮುಕದ್ದಮ ನಿಂತು ಕೇಳಿ ನಕ್ಕ. "ಖರೇನ ಒಂದ ಒಲಿ" ಎಂದು ಹೋದ. ಬೇರೆ ಒಲೆಯವಳ ರೊಟ್ಟಿಯಲ್ಲಿ ಯಾರು ತಪ್ಪು ಹುಡುಕುತ್ತಾರೆ? ಅಂದಿನಿಂದ ನಮ್ಮ ಜಗಳವೇ ನಮ್ಮ ಗುಡಿಸಲನ್ನು ಕಾಯಿತು. ದಿನಾ ಅವಳು ಹೊಸ್ತಿಲಲ್ಲಿ ಕೂತು ನನ್ನ ರೊಟ್ಟಿ ತಿನ್ನುತ್ತ ನನ್ನ ರೊಟ್ಟಿಯನ್ನೇ ಬೈಯುವಳು. ದಪ್ಪ, ಸೀದಿದೆ, ಹಿಟ್ಟು ನಾದಿಲ್ಲ. ಅವಳು ತೋರಿಕೆಗೆ ಬೈಯುತ್ತಿದ್ದಳೆಂದು ತಿಳಿಯಬೇಡಿ. ಮನಸಾರೆ ಬೈಯುತ್ತಿದ್ದಳು, ನಾನೂ ಮನಸಾರೆ ತಿರುಗಿ ಅನ್ನುತ್ತಿದ್ದೆ.

ಅವಳು ಕೂಡುತ್ತಿದ್ದದ್ದು ಮುಕದ್ದಮನಿಗೆ ಕಾಣಲೆಂದು ನಾನು ಎಷ್ಟೋ ದಿನ ಅಂದುಕೊಂಡಿದ್ದೆ. ಅವನು ಹಾದು ಹೋದ ಮೇಲೂ ಅವಳು ಏಳುತ್ತಿರಲಿಲ್ಲ. ಸೊಲ್ಲಾಪುರದ ಕಡೆಯಿಂದ ಸಂಜೆಗೊಂದು ರೈಲು ಬರುತ್ತಿತ್ತು. ಅದರ ಸೀಟಿ ಕೇಳಿದ ಕೂಡಲೇ ಅಗಿಯುವುದನ್ನು ನಿಲ್ಲಿಸಿ, ಓಣಿಯ ತುದಿಗೆ ಕಣ್ಣಿಡುತ್ತಿದ್ದಳು. ಸ್ಟೇಷನ್ನಿನಿಂದ ಇಳಿದವರು ಹಳಿ ದಾಟಿ ಬರುವಷ್ಟು ಹೊತ್ತು ಕಾದು, ಆಮೇಲೆ ಬಾಯಲ್ಲಿದ್ದದ್ದನ್ನು ನುಂಗುತ್ತಿದ್ದಳು. ಆ ಹೊತ್ತಿನಲ್ಲಿ ಮಾತ್ರ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಬಿಸಿಲು ಏರಿತು, ಹತ್ತಿ ಮುಗಿಯುತ್ತ ಬಂತು. ಅತ್ತೆಯ ಮೈಯಲ್ಲಿ ಎಲುಬಷ್ಟೇ ಉಳಿದಿತ್ತು. ಒಂದು ಸಂಜೆ ನಾನು ರೊಟ್ಟಿ ಮಾಡಿಟ್ಟು, ಎಂದಿನಂತೆ ಹೊಸ್ತಿಲಿಗೆ ಕರೆದುಕೊಂಡು ಹೋಗಲು ಅವಳ ರಟ್ಟೆಗೆ ಕೈ ಹಾಕಿದೆ. ಅವಳು ಏಳಲಿಲ್ಲ.

"ಕದಾ ಹಾಕು" ಎಂದಳು.

"ಮುಕದ್ದಮ ಬರೂ ಹೊತ್ತಾತು."

"ಬರ್ಲಿ. ನೀ ಹಾಕು."

ಕದ ಹಾಕಿದೆ. ಒಳಗೆ ಒಲೆಯ ಕೆಂಡದ ಬೆಳಕಷ್ಟೇ ಉಳಿಯಿತು. ರೈಲಿನ ಸೀಟಿ ಕೇಳಿತು. ಅವಳು ತಲೆ ಎತ್ತಲಿಲ್ಲ, ನನ್ನನ್ನೇ ನೋಡುತ್ತ, "ರೊಟ್ಟಿ ಕೊಡು" ಎಂದಳು.

ಬಿಸಿ ರೊಟ್ಟಿ ಮುರಿದು, ಬೇಳೆಯ ಕಟ್ಟಿನಲ್ಲಿ ನೆನೆಸಿ ಬಾಯಿಗಿಟ್ಟೆ. ತಿಂದಳು. ಇನ್ನೊಂದು ತುತ್ತು ಕೊಟ್ಟೆ, ಅದನ್ನೂ ತಿಂದಳು. ಬೈಗುಳಕ್ಕಾಗಿ ಕಾಯುತ್ತಿದ್ದೆ, ಅದು ಬರಲಿಲ್ಲ. ನನಗೆ ಹೆದರಿಕೆಯಾಯಿತು.

"ಹಸಿ ಅದಾವೇನು?" ಎಂದು ನಾನೇ ಕೇಳಿದೆ.

"ಇಲ್ಲ, ಬೆಂದಾವ" ಎಂದು ಮತ್ತೆ ಬಾಯಿ ತೆರೆದಳು.

ಹೊರಗೆ ವಿಧವೆ ಮೋರಿ ದಾಟಿ ಬಂದು ಕದ ಬಡಿಯುತ್ತಿದ್ದಳು. "ಕದಾ ತಗೀರಬೇ, ಅಂವ ಬರಾಕತ್ತಾನ. ಉಣ್ಣೂದು ಕಾಣಬೇಕಲ್ಲ, ತಗೀರಿ."

ನಾನು ತೆಗೆಯಲಿಲ್ಲ.